ಚೆರ್ರಿ ನೆಡುವವರ ಕೈಪಿಡಿ: ಕೊಲಂಬಿಯಾ ಆವೃತ್ತಿ

ವಿಶ್ವವಿದ್ಯಾಲಯದ ಅಂಗಳದಲ್ಲಿ ಚೆರ್ರಿ ಮರಗಳ ಸಾಲು ನೆಡಲು ಹೊರಟಿರುವ ತಮಗೆ, ಆಮೇಲೆ ತಕರಾರು ಬೇಡವೆಂದು ಮೊದಲೇ ತಿಳಿಸಿಬಿಡುತ್ತೇನೆ: ಈ ಸರಕು ವರ್ಷಕ್ಕೆ ಹೆಚ್ಚೆಂದರೆ ಹತ್ತು ದಿನ ಕೆಲಸ ಮಾಡುತ್ತದೆ. ಮಿಕ್ಕ ಮುನ್ನೂರೈವತ್ತು ಚಿಲ್ಲರೆ ದಿನ ಎಲೆ ಬಿಟ್ಟುಕೊಂಡು, ಆ ಎಲೆಗೆ ಹುಳ ಹಿಡಿಸಿಕೊಂಡು, ಕೊನೆಗೆ ಎಲೆ ಉದುರಿಸಿಕೊಂಡು ಸುಮ್ಮನೆ ನಿಂತಿರುತ್ತದೆ. ಹಣ್ಣು ಬಿಟ್ಟರೂ ಅದು ಹಕ್ಕಿಗಳ ಪಾಲು. ತಾವು ಚಂದಾ ಎತ್ತುತ್ತಿರುವುದು ಹತ್ತು ದಿನದ ಹೆಸರಿನಲ್ಲಿ, ಖರ್ಚಾಗುವುದು ಮಿಕ್ಕ ದಿನಗಳಿಗೆ. ಈ ಲೆಕ್ಕ ಸಮಿತಿಗೆ ತಿಳಿಯುವ ಮುಂಚೆಯೇ ಸಸಿ ತಂದು ಇಳಿಸಿಬಿಡುವುದು ಎಲ್ಲ ಕ್ಯಾಂಪಸ್ಸುಗಳ ವಾಡಿಕೆ. ಹಾಗೆ ಇಳಿಸಿಬಿಟ್ಟಿದ್ದರೆ ನೇರ ಏಳನೆಯ ಹಂತಕ್ಕೆ ಹೋಗಿ. ಸಸಿಗಳ ಬೇರು ಒಣಗುತ್ತಿರುತ್ತದೆ.

ಹಂತ 1: ತಾವು ಯಾವ ಕೊಲಂಬಿಯಾದಲ್ಲಿದ್ದೀರಿ ಎಂದು ನೋಡಿಕೊಳ್ಳಿ

ಅಮೆರಿಕೆಯ ಈ ಪೂರ್ವದ ಪಟ್ಟಿಯಲ್ಲಿ ಕೊಲಂಬಿಯಾಗಳಿಗೆ ಬರವಿಲ್ಲ. ಒಂದು, ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ, ಅಂದರೆ ರಾಜಧಾನಿ ವಾಷಿಂಗ್ಟನ್. ಎರಡು, ಅಲ್ಲಿಂದ ಬಾಲ್ಟಿಮೋರ್ ಕಡೆ ಹೊರಟರೆ ಸಿಗುವ ಮೇರಿಲ್ಯಾಂಡಿನ ಕೊಲಂಬಿಯಾ. ಜೇಮ್ಸ್ ರೌಸ್ ಎಂಬ ಬಿಲ್ಡರ್ ಹೊಲಗದ್ದೆಗಳನ್ನು ಕೊಂಡು 1967ರಲ್ಲಿ ತೆರೆದ ಊರು, ಬೀದಿಗಳಿಗೆ ಕತೆ ಕವಿತೆಗಳಿಂದ ಹೆಸರು ಹೆಕ್ಕಿದ ಊರು. ಮೂರು, ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾ. 1801ರಲ್ಲಿ ಹುಟ್ಟಿದ ಸರ್ಕಾರಿ ವಿಶ್ವವಿದ್ಯಾಲಯ ಇರುವುದು ಅಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಈ ಕೈಪಿಡಿಯನ್ನು ಮಡಚಿಡಬಹುದು. ಅವರ ಪಕ್ಕದಲ್ಲೇ ಸಕುರಾ ಪಾರ್ಕ್ ಇದೆ, 1912ರ ಸುಮಾರಿಗೆ ಜಪಾನೀಯರು ಕೊಟ್ಟ ಚೆರ್ರಿಗಳಿಂದ ಹೆಸರು ಪಡೆದದ್ದು.

ಇದೇನು ಅಂಚೆ ವಿಳಾಸದ ತಾಪತ್ರಯವಲ್ಲ. ಚೆರ್ರಿ ಮರಕ್ಕೆ ಚಳಿ ಬೇಕು. ಚಳಿಗಾಲದಲ್ಲಿ ಇಷ್ಟು ಗಂಟೆ ತಣ್ಣಗೆ ನಿದ್ದೆ ಮಾಡದಿದ್ದರೆ ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ವಾಷಿಂಗ್ಟನ್ನಿನಲ್ಲಿ ಆ ಚಿಂತೆಯಿಲ್ಲ. ದಕ್ಷಿಣ ಕೆರೊಲಿನಾದ ಕೊಲಂಬಿಯಾ ಮಾತ್ರ ಬಿಸಿಲಿಗೆ ಹೆಸರಾದ ಊರೆಂದು ತನ್ನನ್ನು ತಾನೇ ಜಾಹೀರು ಮಾಡಿಕೊಂಡ ಊರು. ಕಲಬುರಗಿಯಿಂದ ಹೋದವರೂ ಆಗಸ್ಟಿನಲ್ಲಿ ಅಲ್ಲಿ ನೆರಳು ಹುಡುಕುತ್ತಾರೆ. ಯೋಶಿನೊ ಎಂಬ ಜಪಾನಿ ಚೆರ್ರಿ ಅಲ್ಲಿ ಬದುಕುತ್ತದೆ, ಆದರೆ ತನ್ನ ಸಹನೆಯ ದಕ್ಷಿಣದ ಗಡಿಯ ಹತ್ತಿರ ನಿಂತು ಬದುಕುತ್ತದೆ. ಅಲ್ಲಿಗೆ ಒಕಾಮೆ ಎಂಬ ಸಣ್ಣ ಗುಲಾಬಿ ತಳಿ ವಾಸಿ. ಕಾಲಿಂಗ್‌ವುಡ್ ಇಂಗ್ರಾಂ ಎಂಬ ಇಂಗ್ಲಿಷ್ ಪಕ್ಷಿಪ್ರಿಯ ಬೆರಕೆ ಮಾಡಿ ಬೆಳೆಸಿದ ತಳಿ ಇದು. ಹೆತ್ತವರಲ್ಲಿ ಒಂದು ತೈವಾನಿನ ಕಡೆಯ ಚೆರ್ರಿಯಾದ್ದರಿಂದ ಸೆಖೆಗೆ ಹೆದರುವುದಿಲ್ಲ.

ಮಣ್ಣೂ ಬೇರೆ. ದಕ್ಷಿಣದ ಕೊಲಂಬಿಯಾ ಎರಡು ಭೂಪ್ರದೇಶಗಳು ಕೂಡುವ ಗೆರೆಯ ಮೇಲೆ ಕೂತಿದೆ: ಒಂದು ಕಡೆ ಕೆಂಪು ಜೇಡಿ, ಇನ್ನೊಂದು ಕಡೆ ಮರಳು ದಿಣ್ಣೆ. ಜೇಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಮರಳಿನಲ್ಲಿ ನೀರು ನಿಲ್ಲದೆ ಎಲೆ ಒಣಗುತ್ತದೆ. ಗುಣಿ ತೋಡಿ, ಒಂದು ಬಕೆಟ್ ನೀರು ಸುರಿದು, ಎಷ್ಟು ಹೊತ್ತಿಗೆ ಇಂಗುತ್ತದೆಂದು ಗಡಿಯಾರ ನೋಡಿಕೊಂಡು ಕೂರಿ. ಸಮಿತಿಯ ಅಧ್ಯಕ್ಷರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಈ ಯೋಜನೆಯಲ್ಲಿ ಮಣ್ಣನ್ನು ಕಣ್ಣಾರೆ ನೋಡುವುದು ಅದೊಂದೇ ಸಲ.

ಹಂತ 2: ಸಮಿತಿ

ಸಮಿತಿಯಿಲ್ಲದೆ ಆಗುವುದಿಲ್ಲವೇ ಎಂದು ಕೇಳುವವರಿಗೆ ಎರಡು ಚರಿತ್ರೆಗಳಿವೆ, ಬೇಕಾದ್ದನ್ನು ಆರಿಸಿಕೊಳ್ಳಿ.

ಎಲೈಜಾ ಸಿಡ್‌ಮೋರ್ ಎಂಬ ಲೇಖಕಿ 1885ರಲ್ಲಿ ಜಪಾನ್ ನೋಡಿಕೊಂಡು ಬಂದು, ಪೊಟೋಮ್ಯಾಕ್ ನದಿಯ ದಂಡೆಯಲ್ಲಿ ಚೆರ್ರಿ ನೆಡಿ ಎಂದು ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ಹೇಳಿದರು. ಅಧಿಕಾರಿ ಬದಲಾದಾಗಲೆಲ್ಲ ಮತ್ತೆ ಹೇಳಿದರು. ಹೀಗೆ 24 ವರ್ಷ. 1909ರ ಏಪ್ರಿಲಿನಲ್ಲಿ ಅಧ್ಯಕ್ಷರ ಪತ್ನಿ ಹೆಲೆನ್ ಟ್ಯಾಫ್ಟ್ ಅವರಿಗೆ ನೇರವಾಗಿ ಕಾಗದ ಬರೆದರು. ಕೆಲವೇ ದಿನಗಳಲ್ಲಿ ಒಪ್ಪಿಗೆಯ ಉತ್ತರ ಬಂತು. ಮರುದಿನವೇ, ಅಡ್ರಿನಲಿನ್ ಪ್ರತ್ಯೇಕಿಸಿದ ರಸಾಯನ ವಿಜ್ಞಾನಿ ಜೋಕಿಚಿ ತಕಾಮಿನೆ ಎರಡು ಸಾವಿರ ಮರಗಳನ್ನು ಟೋಕಿಯೊ ನಗರದ ಹೆಸರಿನಲ್ಲಿ ಕೊಡಿಸುವುದಾಗಿ ಮುಂದೆ ಬಂದರು. ಕಡತದ ದಾರಿಯಲ್ಲಿ 24 ವರ್ಷ, ಮನೆಯಾಕೆಯ ದಾರಿಯಲ್ಲಿ ಒಂದು ವಾರ. ತಮ್ಮ ವಿಶ್ವವಿದ್ಯಾಲಯದ ಪ್ರೆಸಿಡೆಂಟರ ಮನೆಯಲ್ಲಿ ತೋಟದ ಹುಚ್ಚು ಯಾರಿಗಿದೆ ಎಂದು ಮೊದಲು ವಿಚಾರಿಸಿ.

ಎರಡನೆಯದು ಅಟ್ಲಾಂಟಾದಿಂದ ದಕ್ಷಿಣಕ್ಕಿರುವ ಮೇಕನ್ ಪಟ್ಟಣದ್ದು. ವಿಲಿಯಂ ಫಿಕ್ಲಿಂಗ್ ಎಂಬ ರಿಯಲ್ ಎಸ್ಟೇಟ್ ವ್ಯಾಪಾರಿ 1949ರಲ್ಲಿ ತನ್ನ ಹಿತ್ತಲಲ್ಲಿ ಹೆಸರು ಗೊತ್ತಿಲ್ಲದ ಒಂದು ಹೂವಿನ ಮರ ಕಂಡ. 1952ರಲ್ಲಿ ವಾಷಿಂಗ್ಟನ್ನಿಗೆ ಹೋದಾಗ ಅದೇ ಮರದ ನೆಂಟರನ್ನು ನೋಡಿ, ಓಹೋ ಯೋಶಿನೊ ಎಂದು ತಿಳಿದುಕೊಂಡ. ವಾಪಸು ಬಂದು ಸಸಿ ಮಾಡುತ್ತಾ, ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಾ ಹೋದ. ಇವತ್ತು ಆ ಪಟ್ಟಣ ತನ್ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಯೋಶಿನೊ ಇವೆ ಎಂದು ಹೇಳಿಕೊಳ್ಳುತ್ತದೆ, 1982ರಿಂದ ಹಬ್ಬವನ್ನೂ ಮಾಡುತ್ತಿದೆ. ಯಾವ ಠರಾವೂ ಇಲ್ಲದೆ ಶುರುವಾದ ಕೆಲಸ. ಆದರೆ ಮೇಕನ್ನಿನ ದಾರಿ ವಿಶ್ವವಿದ್ಯಾಲಯಗಳಿಗೆ ಒಗ್ಗದು, ಏಕೆಂದರೆ ಅದರಲ್ಲಿ ಉಪಸಮಿತಿಗೆ ಜಾಗವಿಲ್ಲ.

ಮೂರನೆಯ ದಾರಿಯೊಂದಿತ್ತು, ಈಗ ಯಾರಿಗೂ ನೆನಪಿಲ್ಲ. ಅಮೆರಿಕದ ಕೃಷಿ ಇಲಾಖೆಯಲ್ಲಿ ದೇಶವಿದೇಶದ ಗಿಡ ತರಿಸುವುದೇ ಉದ್ಯೋಗವಾಗಿದ್ದ ಡೇವಿಡ್ ಫೇರ್‌ಚೈಲ್ಡ್, 1906ರಲ್ಲಿ ಯೋಕೊಹಾಮಾದ ನರ್ಸರಿಯಿಂದ ನೂರು ಚೆರ್ರಿ ತರಿಸಿ ಮೇರಿಲ್ಯಾಂಡಿನ ಚೆವಿ ಚೇಸ್‌ನಲ್ಲಿ ತನ್ನ ಸ್ವಂತ ಜಾಗದಲ್ಲಿ ನೆಟ್ಟು, ಇಲ್ಲಿಯ ಹವೆಗೆ ತಾಳುತ್ತವೆಯೇ ಎಂದು ನೋಡಿದ. ತಾಳಿದವು. 1908ರಲ್ಲಿ ವಾಷಿಂಗ್ಟನ್ನಿನ ಪ್ರತಿ ಶಾಲೆಯಿಂದ ಹುಡುಗರನ್ನು ಕರೆಸಿ, ತಮ್ಮ ಶಾಲೆಯ ಅಂಗಳದಲ್ಲಿ ನೆಡಿ ಎಂದು ಸಸಿ ಕೊಟ್ಟು ಕಳಿಸಿದ. ಟೈಡಲ್ ಬೇಸಿನ್ ಎಂಬ ಕೊಳದ ದಂಡೆಯ ಪ್ರಸಿದ್ಧ ಸಾಲಿಗಿಂತ ಮುಂಚೆಯೇ ರಾಜಧಾನಿಯ ಶಾಲೆಗಳ ಅಂಗಳಕ್ಕೆ ಚೆರ್ರಿ ಹೋಗಿತ್ತು. ಮೊದಲು ಸ್ವಂತ ಹಿತ್ತಲಲ್ಲಿ ಪರೀಕ್ಷೆ, ಆಮೇಲೆ ಪರರ ಅಂಗಳ: ಇಷ್ಟು ಸರಳವಾದ ಕ್ರಮ ಇವತ್ತಿನ ಯೋಜನಾ ವರದಿಗಳಲ್ಲಿ ಯಾವ ಪುಟದಲ್ಲೂ ಕಾಣಸಿಗುವುದಿಲ್ಲ.

ಹಂತ 3: ಸರಕು ಪರೀಕ್ಷೆ

ಲಾರಿಯಿಂದ ಇಳಿಸಿದ ಸಸಿಗಳ ಹೂವಿನ ಬಣ್ಣ ಕೇಳಬೇಡಿ, ಬೇರು ನೋಡಿ. 1910ರ ಜನವರಿಯಲ್ಲಿ ಟೋಕಿಯೊದಿಂದ ವಾಷಿಂಗ್ಟನ್ನಿಗೆ ಎರಡು ಸಾವಿರ ಮರಗಳು ಬಂದಿಳಿದವು. ಕೃಷಿ ಇಲಾಖೆಯವರು ಬಿಚ್ಚಿ ನೋಡಿದರೆ ಕೀಟ, ಜಂತುಹುಳು, ರೋಗ. ಅಧ್ಯಕ್ಷ ಟ್ಯಾಫ್ಟ್ ಒಪ್ಪಿಗೆ ಕೊಟ್ಟರು. ಒಂದು ದೇಶ ಇನ್ನೊಂದು ದೇಶಕ್ಕೆ ಕೊಟ್ಟ ಉಡುಗೊರೆಯನ್ನು ರಾಶಿ ಹಾಕಿ ಸುಟ್ಟರು. ಟೋಕಿಯೊದ ಮೇಯರ್ ಯುಕಿಯೊ ಒಜಾಕಿ ಮುನಿಸಿಕೊಳ್ಳಲಿಲ್ಲ. ಅರಕಾವಾ ನದಿಯ ದಂಡೆಯ ಹೆಸರಾಂತ ಮರಗಳಿಂದ ಕಡ್ಡಿ ತೆಗೆಸಿ, ಶುದ್ಧ ಬೇರುಸಸಿಗಳ ಮೇಲೆ ಕಸಿ ಕಟ್ಟಿಸಿ, 12 ತಳಿಗಳ 3,020 ಗಿಡಗಳನ್ನು ಮತ್ತೆ ಕಳಿಸಿದರು. 1912ರ ಮಾರ್ಚ್ 27ರಂದು ಹೆಲೆನ್ ಟ್ಯಾಫ್ಟ್ ಮತ್ತು ಜಪಾನಿ ರಾಯಭಾರಿಯ ಪತ್ನಿ ಚಿಂದಾ ಮೊದಲ ಎರಡು ಯೋಶಿನೊ ನೆಟ್ಟರು. ದೊಡ್ಡ ಭಾಷಣಗಳಿರಲಿಲ್ಲ. ಟ್ಯಾಫ್ಟ್ ಅವರು ಚಿಂದಾ ಅವರ ಕೈಗೆ ಒಂದು ಗುಲಾಬಿ ಗುಚ್ಛ ಕೊಟ್ಟರು, ಎಲ್ಲರೂ ಮನೆಗೆ ಹೋದರು. ಇದನ್ನು ತಮ್ಮ ಕಾರ್ಯಕ್ರಮ ಸಮಿತಿಗೆ ಓದಿ ಹೇಳಿ.

ಎಚ್ಚರಿಕೆ: ಮಾರ್ಚಿನ ಮೊದಲಲ್ಲೇ ಬೆಳ್ಳಗೆ ಹೂ ಬಿಡುತ್ತದೆ, ಬೇಗ ಬೆಳೆಯುತ್ತದೆ, ಬೆಲೆಯೂ ಕಡಿಮೆ ಎಂದು ಯಾರಾದರೂ ಬ್ರಾಡ್‌ಫರ್ಡ್ ಪೇರ್ ತೋರಿಸಿದರೆ ಒಪ್ಪಬೇಡಿ. ಮೇರಿಲ್ಯಾಂಡಿನ ಗ್ಲೆನ್ ಡೇಲ್‌ನಲ್ಲಿದ್ದ ಸರ್ಕಾರಿ ಸಸ್ಯಕೇಂದ್ರವೇ 1963ರಲ್ಲಿ ಬಿಡುಗಡೆ ಮಾಡಿದ ಮರ ಅದು. ಊರೂರಿನ ರಸ್ತೆ, ಅಂಗಡಿ ಸಾಲು, ಕಾಲೇಜು ಎಲ್ಲ ಕಡೆ ನೆಟ್ಟರು. ಹೂವಿಗೆ ಮೀನಿನ ವಾಸನೆ. ಕೊಂಬೆಗಳು ಒಂದೇ ಕಡೆಯಿಂದ ಕವಲೊಡೆಯುವುದರಿಂದ ಗಾಳಿಗೆ ಸೀಳಿ ಬೀಳುತ್ತವೆ. ಬೀಜ ಕಟ್ಟುವುದಿಲ್ಲ ಎಂದಿದ್ದರು. ಬೇರೆ ತಳಿಗಳ ಜೊತೆ ಪರಾಗ ಬೆರೆತು ಬೀಜ ಕಟ್ಟಿತು, ಹಕ್ಕಿಗಳು ಹೊತ್ತೊಯ್ದು ಪಾಳು ಹೊಲಗಳಲ್ಲೆಲ್ಲ ಮುಳ್ಳು ಪೊದೆ ಎಬ್ಬಿಸಿದವು. ದಕ್ಷಿಣ ಕೆರೊಲಿನಾದಲ್ಲಿ 2024ರ ಅಕ್ಟೋಬರ್ 1ರಿಂದ ಅದನ್ನು ಮಾರುವುದೇ ನಿಷೇಧ. ಒಂದು ಕಾಲದಲ್ಲಿ ಅದಕ್ಕೂ ಸಮಿತಿಗಳಿದ್ದವು, ಅವೂ ಒಮ್ಮತದಿಂದಲೇ ಆರಿಸಿದ್ದವು.

ಹಂತ 4: ನಕ್ಷೆ

ನಕ್ಷೆ ಬರೆಯುವವರು ಸಾಮಾನ್ಯವಾಗಿ ಮಾಡುವುದಿಷ್ಟು: ಕ್ಯಾಂಪಸ್ಸಿನ ಮುಖ್ಯ ದಾರಿಯ ಎರಡೂ ಬದಿಗೆ ಸ್ಕೇಲ್ ಇಟ್ಟು ಗುಲಾಬಿ ಚುಕ್ಕಿ ಹಾಕುವುದು. ಆ ಚುಕ್ಕಿಗಳ ಕೆಳಗೆ ಏನಿದೆ ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಹಳೆಯ ಕ್ಯಾಂಪಸ್ಸುಗಳ ಹೊಟ್ಟೆಯಲ್ಲಿ ಬಿಸಿ ಹಬೆಯ ಪೈಪು, ವಿದ್ಯುತ್ ಕೇಬಲ್ಲು, ಚರಂಡಿ, ಇಂಟರ್‌ನೆಟ್ಟಿನ ದಾರ ಎಲ್ಲ ಸೇರಿ ಕರುಳಿನಂತೆ ಸುತ್ತಿಕೊಂಡಿರುತ್ತವೆ. ಹಬೆಯ ಪೈಪಿನ ಮೇಲೆ ನೆಟ್ಟ ಚೆರ್ರಿಗೆ ಚಳಿಗಾಲವೇ ಬರುವುದಿಲ್ಲ. ಗುದ್ದಲಿ ಎತ್ತುವ ಮೊದಲು 811ಕ್ಕೆ ಫೋನ್ ಮಾಡಿ. ಅಮೆರಿಕೆಯಲ್ಲಿ ಎಲ್ಲಿ ಅಗೆಯುವುದಿದ್ದರೂ ಕರೆಯಬೇಕಾದ ನಂಬರ್ ಅದು. ಅವರು ಬಂದು ನೆಲದ ಮೇಲೆ ಬಣ್ಣಬಣ್ಣದ ಗೆರೆ ಹಾಕುತ್ತಾರೆ. ಗೆರೆಗಳು ಬಿದ್ದ ಮೇಲೆ ಮರಕ್ಕೆ ಉಳಿಯುವ ಜಾಗ ಗ್ರಂಥಾಲಯದ ಹಿಂದೆ, ಕಸದ ಡಬ್ಬಿಗಳ ಪಕ್ಕ ಎಂದು ಗೊತ್ತಾಗುತ್ತದೆ.

ಯೋಶಿನೊ ಬಲಿತರೆ ಮೂವತ್ತು, ಮೂವತ್ತೈದು ಅಡಿ ಎತ್ತರ, ಹೆಚ್ಚುಕಮ್ಮಿ ಅಷ್ಟೇ ಅಗಲ. ಸಸಿಯಾಗಿದ್ದಾಗ ಕೋಲಿನಂತಿರುವುದನ್ನು ನೋಡಿ ಹತ್ತಡಿಗೊಂದು ನೆಟ್ಟುಬಿಡುವ ಆಸೆ ಬರುತ್ತದೆ, ಉದ್ಘಾಟನೆಯ ಫೋಟೊದಲ್ಲಿ ಸಾಲು ತೆಳ್ಳಗೆ ಕಾಣಬಾರದಲ್ಲ. ಹಾಗೆ ನೆಟ್ಟರೆ ಹದಿನೈದನೆಯ ವರ್ಷಕ್ಕೆ ಅರ್ಧ ಮರ ಕಡಿಯಬೇಕಾಗುತ್ತದೆ, ಆಗ ವಿದ್ಯಾರ್ಥಿಗಳು ಧರಣಿ ಕೂರುತ್ತಾರೆ. ಪೂರ್ವಾಧಾರ ಉಂಟು. 1938ರ ನವೆಂಬರಿನಲ್ಲಿ ಜೆಫರ್ಸನ್ ಸ್ಮಾರಕಕ್ಕಾಗಿ ಟೈಡಲ್ ಬೇಸಿನ್ನಿನ ಚೆರ್ರಿಗಳನ್ನು ತೆಗೆಯಲು ಹೊರಟಾಗ ವಾಷಿಂಗ್ಟನ್ನಿನ ಮಹಿಳೆಯರು ಸರಪಳಿ ಹಾಕಿಕೊಂಡು ಅಡ್ಡ ನಿಂತಿದ್ದರು. ಆ ಸ್ಮಾರಕ ಇವತ್ತು ಅಲ್ಲೇ ಇದೆ, ಅದರ ಸುತ್ತ ಚೆರ್ರಿಗಳೂ ಇವೆ, ಎಲ್ಲ ಪೋಸ್ಟ್ ಕಾರ್ಡುಗಳಲ್ಲೂ ಎರಡೂ ಒಟ್ಟಿಗೇ ನಿಂತಿವೆ.

ಇನ್ನೊಂದು ಮಾತು. ಚೆರ್ರಿಯ ಬೇರು ಮೇಲುಮೇಲೇ ಹರಿಯುವಂಥದು. ತರಗತಿಗೆ ತಡವಾದ ವಿದ್ಯಾರ್ಥಿ ಕಾಂಕ್ರೀಟ್ ದಾರಿ ಬಿಟ್ಟು ಹುಲ್ಲಿನ ಮೇಲೆ ಓರೆಯಾಗಿ ನಡೆಯುತ್ತಾನೆ. ನಾಲ್ಕು ವರ್ಷದಲ್ಲಿ ಅಲ್ಲಿ ಕಾಲುದಾರಿ, ಕಾಲುದಾರಿಯ ಕೆಳಗೆ ಉಸಿರು ಕಟ್ಟಿದ ಬೇರು. ಮರ ನೆಡುವ ಮೊದಲು ಒಂದು ಸೆಮಿಸ್ಟರ್ ಸುಮ್ಮನೆ ಕೂತು ಹುಡುಗರು ಎಲ್ಲಿ ನಡೆಯುತ್ತಾರೆಂದು ನೋಡಿ. ವಾಸ್ತುಶಿಲ್ಪಿಯ ಗೆರೆಗಿಂತ ಅವರ ಚಪ್ಪಲಿಯ ಗೆರೆ ನಂಬಿಕಸ್ತ.

ಹಂತ 5: ಕ್ರುಂಬಿಗಲ್ಲರೊಂದಿಗೆ ಸಮಾಲೋಚಿಸಿ

ಬೆಂಗಳೂರಿನವರು ಈ ಹಂತದಲ್ಲಿ ತುಸು ಬೀಗಬಹುದು. ಜರ್ಮನಿಯಲ್ಲಿ ಹುಟ್ಟಿ, ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ ಲಾಲ್‌ಬಾಗನ್ನು ನೋಡಿಕೊಂಡ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಒಂದೇ ಹೂವಿಗೆ ಊರನ್ನು ಒತ್ತೆಯಿಟ್ಟವರಲ್ಲ. ಒಂದು ರಸ್ತೆಯ ಮರ ಹೂ ಮುಗಿಸುವಾಗ ಇನ್ನೊಂದು ರಸ್ತೆಯದು ಶುರುವಾಗಬೇಕು, ವರ್ಷವಿಡೀ ಎಲ್ಲೋ ಒಂದು ಕಡೆ ಬಣ್ಣ ಇರಬೇಕು: ಇದು ಅವರ ಸೂತ್ರ. ಈಗ ಬೆಂಗಳೂರಿನಲ್ಲಿ ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗಿದಾಗ ನಮ್ಮ ಊರಿನ ಚೆರ್ರಿ ಎಂದು ಫೋಟೊ ಹಾಕುವವರು ಆ ಸೂತ್ರದ ಒಂದೇ ಒಂದು ವಾಕ್ಯ ಓದಿದವರು.

ಅದನ್ನು ಕೊಲಂಬಿಯಾಕ್ಕೆ ಹೊಂದಿಸಿ. ಮೊದಲು ಒಕಾಮೆ. ಅದರ ಬೆನ್ನಿಗೆ ಯೋಶಿನೊ. ಯೋಶಿನೊ ಉದುರಿ ಎರಡು ವಾರಕ್ಕೆ ಒತ್ತೊತ್ತಾದ ಎಸಳಿನ ಕ್ವಾನ್‌ಜನ್. ಆಮೇಲೆ ಈ ನೆಲದ್ದೇ ಆದ ಡಾಗ್‌ವುಡ್; 1915ರಲ್ಲಿ ಅಮೆರಿಕ ಚೆರ್ರಿಗೆ ಪ್ರತಿಯಾಗಿ ಜಪಾನಿಗೆ ಕಳಿಸಿದ್ದು ಇದನ್ನೇ. ಬೇಸಿಗೆಯ ಉರಿಗೆ ಕ್ರೇಪ್ ಮರ್ಟಲ್, ನಮ್ಮ ಹೊಳೆದಾಸವಾಳದ ಕುಲದ್ದು, ದಕ್ಷಿಣ ಕೆರೊಲಿನಾದ ಬಿಸಿಲು ಏರಿದಷ್ಟೂ ಹೂ ಬಿಡುತ್ತದೆ. ಶರತ್ಕಾಲಕ್ಕೆ ಮೇಪಲ್. ಸಮಿತಿ ಇದನ್ನು ತಿರಸ್ಕರಿಸುತ್ತದೆ. ಚೆರ್ರಿ ಎಂದು ಚಂದಾ ಎತ್ತಿ ಮೇಪಲ್ ನೆಟ್ಟರೆ ದಾನಿಗಳು ಕೇಳುವುದಿಲ್ಲವೇ, ಎನ್ನುತ್ತಾರೆ. ಆಗ ತಾವು ಮೌನವಾಗಿ ಚೆರ್ರಿಗಳ ನಡುವೆ ಬಿಟ್ಟ ಮೂವತ್ತಡಿ ಅಂತರಗಳನ್ನು ತೋರಿಸಿ.

ಹಂತ 6: ದಿನಾಂಕ

ಉದ್ಘಾಟನೆಗೆ ಹೂ ಬೇಕು ಎನ್ನುವುದು ಪ್ರೆಸಿಡೆಂಟರ ಕಚೇರಿಯ ಆಸೆ. ಪದವಿ ಪ್ರದಾನ ಸಮಾರಂಭ ಮೇ ತಿಂಗಳಲ್ಲಿ, ಹೂ ಮಾರ್ಚಿನಲ್ಲಿ. ದಕ್ಷಿಣದ ಕೊಲಂಬಿಯಾದಲ್ಲಂತೂ ಹೂ ಬಿಡುವ ಹೊತ್ತಿಗೆ ವಸಂತ ರಜೆ ಬಂದು, ವಿದ್ಯಾರ್ಥಿಗಳೆಲ್ಲ ಸಮುದ್ರದಂಡೆಗೆ ಹೋಗಿ, ಅರಳಿದ ಮರಗಳ ಕೆಳಗೆ ಸೆಕ್ಯುರಿಟಿಯವನೊಬ್ಬನೇ ಉಳಿಯುವ ಸಂಭವ ಹೆಚ್ಚು. ರಜೆಯನ್ನು ಹಿಂದೆಮುಂದೆ ಮಾಡಲು ಸೆನೆಟ್ ಒಪ್ಪುವುದಿಲ್ಲ. ಮರ ಅದಕ್ಕಿಂತಲೂ ಗಟ್ಟಿ.

ವಾಷಿಂಗ್ಟನ್ನಿನಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯವರು ಟೈಡಲ್ ಬೇಸಿನ್ ಸುತ್ತಲಿನ ಯೋಶಿನೊ ಹೂಗಳಲ್ಲಿ ನೂರಕ್ಕೆ 70 ಅರಳಿದ ದಿನವನ್ನು ಪೂರ್ಣ ಅರಳಿನ ದಿನ ಎಂದು ಘೋಷಿಸುತ್ತಾರೆ. ಅದು 1990ರಲ್ಲಿ ಮಾರ್ಚ್ 15ಕ್ಕೇ ಬಂದಿತ್ತು, 1958ರಲ್ಲಿ ಏಪ್ರಿಲ್ 18ರ ತನಕ ಕಾಯಿಸಿತ್ತು. ಇಷ್ಟು ಅಂತರದ ನಡುವೆ ಸಭಾಂಗಣ, ಶಾಮಿಯಾನ, ಮುಖ್ಯ ಅತಿಥಿಯ ವಿಮಾನದ ಟಿಕೆಟ್ಟು ಎಲ್ಲವನ್ನೂ ಆರು ತಿಂಗಳ ಮೊದಲೇ ಕಾದಿರಿಸಬೇಕು. 2017ರಲ್ಲಿ ಮೊಗ್ಗು ಊದಿಕೊಂಡ ಹೊತ್ತಿಗೆ ಮಾರ್ಚ್ ಮಧ್ಯದ ಹಿಮ ಬಿದ್ದು ಯೋಶಿನೊ ಹೂಗಳಲ್ಲಿ ಸುಮಾರು ಅರ್ಧ ಕರಟಿಹೋದವು. ಹಬ್ಬ ಮಾತ್ರ ನಿಲ್ಲಲಿಲ್ಲ.

ನಮ್ಮವರು ಮನೆಯಲ್ಲಿ ಯುಗಾದಿಯ ಲೆಕ್ಕ ಇಟ್ಟುಕೊಂಡಿರುತ್ತಾರೆ. 2023ರಲ್ಲಿ ಯುಗಾದಿ ಮಾರ್ಚ್ 22, ಪೂರ್ಣ ಅರಳು ಮಾರ್ಚ್ 23. 2025ರಲ್ಲಿ ಅರಳು ಮಾರ್ಚ್ 28, ಯುಗಾದಿ ಮಾರ್ಚ್ 30. ಇಂಥ ವರ್ಷಗಳಲ್ಲಿ ಮೇರಿಲ್ಯಾಂಡ್, ವರ್ಜೀನಿಯಾದ ಕನ್ನಡ ಮನೆಗಳಿಂದ ರೇಷ್ಮೆ ಸೀರೆ, ಲಂಗ, ಜರಿ ಪಂಚೆಗಳು ಒಳಗೆ ಥರ್ಮಲ್ ಹಾಕಿಕೊಂಡು ಟೈಡಲ್ ಬೇಸಿನ್ ಕಡೆ ಹೊರಡುತ್ತವೆ. ಡಬ್ಬಿಯಲ್ಲಿ ಹೋಳಿಗೆ, ಫೋಟೊದಲ್ಲಿ ಬೇವಿಲ್ಲದ ಬೆಲ್ಲ. 2024ರಲ್ಲಿ ಪೂರ್ಣ ಅರಳು ಮಾರ್ಚ್ 17ಕ್ಕೇ ಆಗಿಹೋಗಿ, ಯುಗಾದಿ ಏಪ್ರಿಲ್ 9ಕ್ಕೆ ಬಂತು. ಆ ವರ್ಷ ಕ್ವಾನ್‌ಜನ್ ನೆಟ್ಟಿದ್ದವರು ಗೆದ್ದರು. ತಮ್ಮ ಕ್ಯಾಂಪಸ್ಸಿನಲ್ಲಿ ಕನ್ನಡ ವಿದ್ಯಾರ್ಥಿಗಳ ಬಳಗವಿದ್ದರೆ ಒಂದು ಮಾತು ತಿಳಿಸಿಡಿ: ಎಸಳು ಸುರಿಯುವ ವಿಡಿಯೊಕ್ಕಾಗಿ ಕೊಂಬೆ ಹಿಡಿದು ಅಲುಗಾಡಿಸಬಾರದು. ಗೆಲ್ಲು ಮುರಿದ ಗಾಯದಿಂದ ರೋಗ ಒಳಗೆ ಹೋಗುತ್ತದೆ. ಟೈಡಲ್ ಬೇಸಿನ್ನಿನಲ್ಲಿ ಹೂ ಕಿತ್ತರೆ ಅದು ಕಾನೂನಿನ ಪ್ರಕಾರ ಅಪರಾಧ.

ಹಂತ 7: ಗುಣಿ

ಗುಣಿ ಬೇರುಗಡ್ಡೆಯ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಬೇರುಗಡ್ಡೆಯಷ್ಟೇ. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಇಡೀ ಕೈಪಿಡಿಯಲ್ಲಿ ತಪ್ಪಬಾರದ ವಾಕ್ಯ ಇದೊಂದೇ, ಎಲ್ಲರೂ ತಪ್ಪುವುದೂ ಇದನ್ನೇ, ಏಕೆಂದರೆ ಉದ್ಘಾಟನೆಯ ದಿನ ಬಂಗಾರದ ಬಣ್ಣ ಬಳಿದ ಗುದ್ದಲಿ ಹಿಡಿದು ಪ್ರೆಸಿಡೆಂಟರು, ಡೀನ್, ದಾನಿ, ದಾನಿಯ ಮಗಳು, ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಒಬ್ಬೊಬ್ಬರೂ ಮೂರು ಮೂರು ಸಲ ಮಣ್ಣು ಹಾಕುತ್ತಾರೆ. ಕ್ಯಾಮೆರಾದವನು ಇನ್ನೊಮ್ಮೆ ಎನ್ನುತ್ತಾನೆ. ಸಂಜೆಗೆ ಸಸಿ ಕತ್ತಿನವರೆಗೆ ಹೂತಿರುತ್ತದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ತೋಟದ ಮೇಸ್ತ್ರಿ ಬಂದು ಆ ಗೌರವದ ಮಣ್ಣನ್ನೆಲ್ಲ ತೆಗೆಯಬೇಕು. ಅವನ ಓವರ್‌ಟೈಮನ್ನು ಬಜೆಟ್ಟಿನಲ್ಲಿ ಸೇರಿಸಿ.

ಬುಡಕ್ಕೆ ತೊಗಟೆಚೂರು ಹಾಕುವಾಗ ಕಾಂಡಕ್ಕೆ ತಾಗದಂತೆ ಸುತ್ತ ಬಳೆಯ ಹಾಗೆ ಹರಡಿ. ಗುಡ್ಡ ಮಾಡಿದರೆ ಒಳಗೆ ತೇವ ನಿಂತು ಕಾಂಡ ಕೊಳೆಯುತ್ತದೆ. ಕೆರೊಲಿನಾದಲ್ಲಿ ಶರತ್ಕಾಲ ನೆಡಲು ಒಳ್ಳೆಯದು. ಬಿಸಿಲು ಬರುವ ಮೊದಲು ಬೇರಿಗೆ ಒಂದಿಡೀ ಚಳಿಗಾಲ ಸಿಗುತ್ತದೆ.

ನೀರಿನ ವಿಷಯದಲ್ಲಿ ಹುಲಿಕಲ್ ಗ್ರಾಮದ ದಾಖಲೆ ನೋಡಿ. ಸಾಲುಮರದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸಾಕಿದ ಆಲದ ಮರಗಳು 385 ಎಂದು ಲೋಕಪ್ರಸಿದ್ಧ. ಲೋಕ ಎಣಿಸಿದ್ದು ಮರಗಳನ್ನು. ಅವರು ಮಾಡಿದ್ದು ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ಮೇಯದ ಹಾಗೆ ಮುಳ್ಳಿನ ಬೇಲಿ ಕಟ್ಟಿದ್ದು, ಮಳೆಗಾಲ ನೋಡಿಕೊಂಡು ನೆಟ್ಟದ್ದು. ಮೇರಿಲ್ಯಾಂಡಿನಲ್ಲಿ ದನದ ಬದಲು ಜಿಂಕೆ: ಶರತ್ಕಾಲದಲ್ಲಿ ಗಂಡು ಜಿಂಕೆ ಕೊಂಬು ಉಜ್ಜಲು ಎಳೆಯ ಚೆರ್ರಿಯ ಕಾಂಡವನ್ನೇ ಹುಡುಕಿಕೊಂಡು ಬರುತ್ತದೆ. ಮೊದಲೆರಡು ಬೇಸಿಗೆ ನೀರು ಹಾಕುವವರು ಯಾರು ಎಂದು ಸಭೆಯಲ್ಲಿ ಕೇಳಿ. ನೆಲ ನೋಡದೆ, ಚಾವಣಿ ನೋಡದೆ, ಯಾರು ಕೈ ಎತ್ತುತ್ತಾರೋ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿ.

ಹಂತ 8: ಫಲಕ

ಫಲಕದ ಅಳತೆ ಸಸಿಗಿಂತ ದೊಡ್ಡದಾಗಬಾರದು. ಇದಕ್ಕಿಂತ ಕಷ್ಟದ್ದು ಫಲಕದ ಮೇಲೆ ಏನು ಬರೆಯಬೇಕೆಂಬುದು. ಮರ ಯಾವ ದೇಶದ್ದು?

ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ಪಾಠವಿದೆ. 1943ರ ಏಪ್ರಿಲ್ 8ರಂದು ಅಲ್ಲಿಯ ಅಂಗಳದಲ್ಲಿ ಒಬ್ಬ ನಿರ್ವಾಸಿತ ನಾಯಕ ಕೆಲವು ಚೆರ್ರಿ ಸಸಿಗಳನ್ನು ನೆಟ್ಟ. ಹೆಸರು ಸಿಂಗ್‌ಮನ್ ರೀ. 1910ರಿಂದ ಜಪಾನಿನ ಕೈಯಲ್ಲಿದ್ದ ಕೊರಿಯಾದ ಸ್ವಾತಂತ್ರ್ಯಕ್ಕಾಗಿ ಅಮೆರಿಕದಲ್ಲಿ ಬಾಗಿಲು ತಟ್ಟುತ್ತಿದ್ದವ. ವಿಶ್ವವಿದ್ಯಾಲಯದ ಪ್ರೆಸಿಡೆಂಟ್ ಪಾಲ್ ಡಗ್ಲಸ್ ಜಾಗ ಕೊಟ್ಟಿದ್ದರು. ಆಗ ಜಪಾನಿನ ಜೊತೆ ಯುದ್ಧ. ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಗಳಲ್ಲಿ, 1941ರ ಡಿಸೆಂಬರಿನಲ್ಲಿ, ಟೈಡಲ್ ಬೇಸಿನ್ನಿನ ನಾಲ್ಕು ಚೆರ್ರಿಗಳನ್ನು ಯಾರೋ ಕಡಿದುಹಾಕಿದ್ದರು. ಅಂದಿನಿಂದ ಯುದ್ಧ ಮುಗಿಯುವ ತನಕ ಸರ್ಕಾರಿ ಬಾಯಲ್ಲಿ ಅವು ಜಪಾನಿ ಮರಗಳಲ್ಲ, ಬರೀ ಪೂರ್ವದೇಶದ ಮರಗಳು. ರೀ ಮತ್ತು ಸಂಗಡಿಗರ ವಾದ ಬೇರೆ: ಈ ಚೆರ್ರಿಯ ತವರು ಕೊರಿಯಾದ ಜೆಜು ದ್ವೀಪ, ಆದ್ದರಿಂದ ಇವು ಕೊರಿಯಾದ ಚೆರ್ರಿಗಳು. ಹಾಗೆಂದೇ ಆ ಅಂಗಳದಲ್ಲಿ ನೆಟ್ಟರು. ಅದಾದ ಐದನೆಯ ದಿನಕ್ಕೆ ಊರಿನ ಇನ್ನೊಂದು ತುದಿಯಲ್ಲಿ, ಮಹಿಳೆಯರು ಸರಪಳಿ ಹಾಕಿಕೊಂಡು ತಡೆಯಲೆತ್ನಿಸಿದ್ದ ಜೆಫರ್ಸನ್ ಸ್ಮಾರಕದ ಉದ್ಘಾಟನೆಯೂ ಆಯಿತು. ರೀ 1948ರಲ್ಲಿ ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷನಾದ. ಅವನು ನೆಟ್ಟ ಮರಗಳಲ್ಲಿ ಉಳಿದವುಗಳ ಸುತ್ತ ಈಗ ಒಂದು ಕೊರಿಯನ್ ಉದ್ಯಾನವಿದೆ.

2018ರಲ್ಲಿ ಕೊರಿಯಾದ ವಿಜ್ಞಾನಿಗಳೇ ಜೆಜು ದ್ವೀಪದ ಕಾಡು ಚೆರ್ರಿಯ ಜೀನೋಮ್ ಓದಿ ನೋಡಿದರು. ಅದೂ ಜಪಾನಿನ ಯೋಶಿನೊವೂ ಬೇರೆ ಬೇರೆ ಎಂದು ಗೊತ್ತಾಯಿತು. ವಾದ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಫಲಕದ ಮೇಲೆ ತಳಿಯ ಹೆಸರು, ನೆಟ್ಟ ವರ್ಷ ಎರಡನ್ನೇ ಬರೆಯಿರಿ. ದಾನಿಯ ಹೆಸರು ಬೇಕೇ ಬೇಕೆಂದರೆ ಬೆಂಚಿನ ಮೇಲೆ ಕೆತ್ತಿಸಿ. ಬೆಂಚಿಗೆ ಕಾಂಡಕೊರಕದ ಕಾಟವಿಲ್ಲ.

ಹಂತ 9: ದೋಷ ಪತ್ತೆ

ಎಲೆ ಜಾಲರಿಯಾಗಿದ್ದರೆ ಜಪಾನಿ ಜೀರುಂಡೆ. ಕಾಂಡದಲ್ಲಿ ಅಂಟು ಒಸರುತ್ತಿದ್ದರೆ ಕೊರಕ ಅಥವಾ ಹುಣ್ಣು. ಹೂ ಬಾಡಿ ಕಂದಾಗಿ ಕಡ್ಡಿಗೇ ಅಂಟಿಕೊಂಡಿದ್ದರೆ ಶಿಲೀಂಧ್ರ. ಮರವೇ ಬುಡದಿಂದ ಪೆನ್ಸಿಲ್ ಚೂಪು ಮಾಡಿದ ಹಾಗೆ ಬಿದ್ದಿದ್ದರೆ ಬೀವರ್: 1999ರ ವಸಂತದಲ್ಲಿ ಬೀವರ್‌ಗಳು ಟೈಡಲ್ ಬೇಸಿನ್ನಿಗೆ ಬಂದು ಚೆರ್ರಿಗಳನ್ನು ಕೆಡವತೊಡಗಿ, ಅವುಗಳನ್ನು ಹಿಡಿದು ಸಾಗಿಸುವಷ್ಟರಲ್ಲಿ ಇಡೀ ರಾಜಧಾನಿಯ ಸುದ್ದಿಯಾದವು. ಹೂ ಬಿಡುವುದರಲ್ಲಿ ಏನೂ ದೋಷವಿಲ್ಲದೆ ಜನವೇ ಬರದಿದ್ದರೆ ಪಾರ್ಕಿಂಗ್ ವಿಭಾಗವನ್ನು ವಿಚಾರಿಸಿ.

ಹಂತ 10: ಮರಣ, ಇದನ್ನು ಮೊದಲೇ ಓದಬೇಕಿತ್ತು

ತಾವು ನೆಡುತ್ತಿರುವುದು ಆಲವಲ್ಲ. ಯೋಶಿನೊ ಸಾಮಾನ್ಯವಾಗಿ ನಲವತ್ತು ಐವತ್ತು ವರ್ಷದ ಮರ. ಕ್ವಾನ್‌ಜನ್ ಅದಕ್ಕೂ ಕಡಿಮೆ. ಮೇಲಾಗಿ ಯೋಶಿನೊಗಳೆಲ್ಲ ಕಸಿ ಕಟ್ಟಿದ ಒಂದೇ ಮರದ ಪ್ರತಿಗಳು. ಒಂದೇ ದಿನ ಒಟ್ಟಿಗೆ ಅರಳಿ ಕಣ್ಣು ತುಂಬುವುದಕ್ಕೆ ಕಾರಣ ಅದು. ಒಂದೇ ರೋಗಕ್ಕೆ ಒಟ್ಟಿಗೆ ತಲೆಬಾಗುವುದಕ್ಕೂ ಅದೇ ಕಾರಣ. ಒಂದೇ ವಾರದಲ್ಲಿ ನೆಟ್ಟ ಸಾಲು ಒಂದೇ ದಶಕದಲ್ಲಿ ಮುದಿಯಾಗುತ್ತದೆ. ಆದ್ದರಿಂದ ಮೂರರಲ್ಲಿ ಒಂದು ಪಾಲು ಈಗ ನೆಡಿ, ಇನ್ನೊಂದು ಪಾಲು ಹನ್ನೆರಡು ವರ್ಷ ಬಿಟ್ಟು, ಮತ್ತೊಂದು ಅದರಾಚೆ. ಸಾಲು ಎಂದೂ ಪೂರ್ತಿಯಾಗಿ ಕಾಣುವುದಿಲ್ಲ, ಎಂದೂ ಪೂರ್ತಿಯಾಗಿ ಬೋಳಾಗುವುದೂ ಇಲ್ಲ. ಈ ಸಲಹೆಗೆ ಇದುವರೆಗೆ ಮತ ಹಾಕಿದ ಸಮಿತಿ ನನಗೆ ಸಿಕ್ಕಿಲ್ಲ, ಏಕೆಂದರೆ ಎರಡನೆಯ ಪಾಲು ನೆಡುವ ಹೊತ್ತಿಗೆ ಈಗಿನ ಯಾವ ಡೀನೂ ಆ ಕುರ್ಚಿಯಲ್ಲಿರುವುದಿಲ್ಲ.

ವಾಷಿಂಗ್ಟನ್ ಇದನ್ನು ಕಷ್ಟಪಟ್ಟು ಕಲಿತ ಊರು. 1912ರ ಮೂರು ಸಾವಿರದಲ್ಲಿ ಈಗ ಉಳಿದಿರುವುದು ಕೆಲವೇ. ಹೆಲೆನ್ ಟ್ಯಾಫ್ಟ್ ಮತ್ತು ಚಿಂದಾ ನೆಟ್ಟ ಎರಡು ಅವುಗಳಲ್ಲಿವೆ. 1965ರಲ್ಲಿ ಜಪಾನ್ ಮತ್ತೆ 3,800 ಕೊಟ್ಟಿತು. ಇದರ ನಡುವೆ ತಮಾಷೆಯೊಂದು ನಡೆಯಿತು. ಯುದ್ಧದ ವರ್ಷಗಳಲ್ಲಿ ಅರಕಾವಾ ದಂಡೆಯ ಮೂಲ ಮರಗಳೇ ಹಾಳಾಗಿ, 1952ರಲ್ಲಿ ವಾಷಿಂಗ್ಟನ್ನಿನ ಮರಗಳಿಂದ ಕಡ್ಡಿ ತೆಗೆದು ಜಪಾನಿಗೆ ಕಳಿಸಬೇಕಾಯಿತು. 1981ರಲ್ಲಿ ಪ್ರವಾಹದಿಂದ ಮರ ಕಳೆದುಕೊಂಡ ಜಪಾನಿನ ತೋಟಗಾರರು ಮತ್ತೆ ಇಲ್ಲಿಗೇ ಬಂದು ಕಡ್ಡಿ ಒಯ್ದರು. ಸಾಲ ಕೊಟ್ಟವನೇ ಸಾಲಗಾರನ ಮನೆಗೆ ಬಂದು ಅಡವು ಬಿಡಿಸಿಕೊಂಡ ಹಾಗಾಯಿತು. 2024ರಲ್ಲಿ ಟೈಡಲ್ ಬೇಸಿನ್ನಿನ ತಡೆಗೋಡೆ ಕುಸಿದು ದಿನಾ ನೀರು ಮೇಲೇರುತ್ತಿದ್ದುದರಿಂದ ಹೊಸ ಗೋಡೆ ಕಟ್ಟಲು ನೂರಕ್ಕೂ ಹೆಚ್ಚು ಚೆರ್ರಿಗಳನ್ನು ತೆಗೆದರು. ಪೊಳ್ಳು ಕಾಂಡದಲ್ಲೂ ಪ್ರತಿ ವರ್ಷ ಹೂ ಬಿಡುತ್ತಾ ಸ್ಟಂಪಿ ಎಂದು ಮುದ್ದಿನ ಹೆಸರು ಪಡೆದಿದ್ದ ಮೋಟು ಮರವೂ ಅದರಲ್ಲಿ ಹೋಯಿತು. ಹೋಗುವ ಮೊದಲು ರಾಷ್ಟ್ರೀಯ ಸಸ್ಯವನದವರು ಅದರ ಕಡ್ಡಿಗಳನ್ನು ತೆಗೆದಿಟ್ಟುಕೊಂಡರು. ಅಮೆರಿಕೆಯ 250ನೇ ವರ್ಷಕ್ಕೆಂದು ಜಪಾನ್ ಇನ್ನೂ 250 ಮರ ಕೊಡುವುದಾಗಿ ಹೇಳಿತು.

ಆದ್ದರಿಂದ ಬಿಡಿಭಾಗಗಳ ವ್ಯವಸ್ಥೆ ಹೀಗಿರಲಿ. ನೆಟ್ಟ ಪ್ರತಿ ತಳಿಯ ಎರಡೆರಡು ಗಿಡ ಸಸ್ಯವಿಜ್ಞಾನ ವಿಭಾಗದ ಹಿತ್ತಲಲ್ಲಿ, ದಾನಿಗಳ ಕಣ್ಣಿಗೆ ಬೀಳದ ಕಡೆ, ಕಡ್ಡಿ ತೆಗೆಯುವುದಕ್ಕೆಂದೇ ಇರಲಿ. ಎತ್ತಿದ ಚಂದಾದಲ್ಲಿ ಅರ್ಧ ಭಾಗ ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಂದ ನೀರು, ಸವರುವಿಕೆ, ಬದಲಿ ಸಸಿಗಳ ಖರ್ಚು ನಡೆಯಲಿ. ನರ್ಸರಿಯ ಖಾತರಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಅದರ ರಸೀತಿಯನ್ನು ಸಮಿತಿಯ ಕಾರ್ಯದರ್ಶಿಗೆ ಕೊಡಬೇಡಿ, ಅವರು ಜೂನ್‌ನಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ತೋಟದ ಮೇಸ್ತ್ರಿಯ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿ. ಈ ಕೈಪಿಡಿಯ ಒಂದು ಪ್ರತಿಯನ್ನೂ ಅಲ್ಲೇ ಇಡಿ. ಅವನು ಓದುವುದಿಲ್ಲ, ಇದರಲ್ಲಿರುವುದೆಲ್ಲ ಅವನಿಗೆ ಗೊತ್ತು. ಸಮಿತಿಯ ಸದಸ್ಯರಿಗೆ ಕೊಡುವ ಪ್ರತಿಗಳಲ್ಲಿ ಮಾತ್ರ ಏಳನೆಯ ಹಂತದ ಪುಟಕ್ಕೆ ಕಿವಿ ಮಡಚಿ ಕೊಡಿ.